ಮೊದಲು ಪಗಾರ, ಆಮೇಲೆ ಜಂಪರಿನ ದರ

ಬೆಟಗೇರಿಯಿಂದ ಒಬ್ಬ ಓದುಗರು ಬರೆದಿದ್ದಾರೆ. ಹೆಸರು ಬೇಡ ಅಂದಿದ್ದಾರೆ, ಹಾಕಿಲ್ಲ. ಪತ್ರ ಉದ್ದ ಇತ್ತು. ಮುಖ್ಯವಾದದ್ದು ಇಷ್ಟು:

“ನಮ್ಮದು ಕಂಪ್ಯೂಟರ್ ಎಂಬ್ರಾಯ್ಡರಿ ಅಂಗಡಿ. ಒಂದು ಸಲಕ್ಕೆ ಒಂದೇ ಪೀಸ್ ಹೊಲಿಯುವ ಸಿಂಗಲ್ ಹೆಡ್ ಮಷಿನ್ ಮೂರು ಇವೆ. ಎರಡು ಮಷಿನ್‌ಗಳನ್ನು ಒಬ್ಬ ಹಿರಿಯ ಹೆಣ್ಣುಮಗಳು ಒಟ್ಟಿಗೇ ನೋಡಿಕೊಳ್ಳುತ್ತಾರೆ. ಒಂಬತ್ತು ವರ್ಷದಿಂದ ನಮ್ಮಲ್ಲಿದ್ದಾರೆ. ಎಲ್ಲರೂ ಚಿಗವ್ವ ಅಂತೀವಿ, ಮನೆಯವರ ಹಾಗೇ ನೋಡಿಕೊಳ್ತೀವಿ. ಪಗಾರ 14,000. ಮೂರನೇ ಮಷಿನ್ ಮೇಲೆ ಒಬ್ಬ ಹುಡುಗ ಇದ್ದಾನೆ. ಅವನಿಗೆ ಕಲಿಸಿದ್ದು ಚಿಗವ್ವನೇ. ಅವನು ಮನೆ ನಡೆಸುವವನು ಅಂತ 16,000 ಕೊಡ್ತೀನಿ. ಕೆಲಸ ಬೆಳಿಗ್ಗೆ 9ರಿಂದ ಸಂಜೆ 7, ನಡುವೆ ಒಂದು ತಾಸು ಊಟ. ಮದುವೆ ಸೀಸನ್‌ನಲ್ಲಿ ರಾತ್ರಿ 9ರ ತನಕ ನಿಲ್ತಾರೆ. ಅದಕ್ಕೆ ದಿನಕ್ಕೆ 100 ರೂಪಾಯಿ ಬೇರೆ. ಹೋದ ತಿಂಗಳು ಚಿಗವ್ವ, ‘ತಾಸಿನ ಲೆಕ್ಕದಾಗ ಕೊಡ್ರಿ’ ಅಂದರು. ಸಾವಿರ ಸ್ಟಿಚ್‌ಗೆ ಇಷ್ಟು ಅಂತ ಕೊಡೋಣ ಅಂತ ನನ್ನ ವಿಚಾರ. ಸುತ್ತಲಿನ ಅಂಗಡಿಯವರು ರೇಟು ಕೆಡಿಸಬೇಡ ಅಂತಾರೆ. ಒಂದು ಜಂಪರ್‌ಗೆ ಸರಾಸರಿ 700 ರೂಪಾಯಿ ತಗೋತೀನಿ. ನಾಲ್ಕನೇ ಮಷಿನ್ ತರುವ ಆಸೆಯೂ ಇದೆ. ತಾಸಿಗೆ ಎಷ್ಟು ಕೊಟ್ಟರೆ ನ್ಯಾಯ?”

ಅಕ್ಕಾವರೇ,

ನಿಮ್ಮ ಪತ್ರ ಓದಿ ಮುಗಿಸಿ ಮೊದಲು ಲೆಕ್ಕ ಹಾಕಲು ಕೂತೆ. 14,000 ರೂಪಾಯಿಯನ್ನು ತಿಂಗಳ 26 ದಿನಕ್ಕೆ, ದಿನದ 8 ತಾಸಿಗೆ ಹಂಚಿದರೆ ತಾಸಿಗೆ 67 ರೂಪಾಯಿ ಬರುತ್ತದೆ. ಬಹುಶಃ ನಿಮ್ಮ ಮನಸ್ಸಿನಲ್ಲಿ ಇರುವುದೂ ಇದೇ ಲೆಕ್ಕ. ಆದರೆ ಚಿಗವ್ವ ದುಡಿಯುವುದು ದಿನಕ್ಕೆ 9 ತಾಸು. ತಿಂಗಳಿಗೆ 234 ತಾಸು. ಹಾಗೆ ಹಂಚಿದರೆ ತಾಸಿಗೆ 60 ರೂಪಾಯಿಯೂ ಪೂರ್ತಿ ಬೀಳುವುದಿಲ್ಲ. ಇನ್ನು ಸೀಸನ್‌ನ ಎರಡು ತಾಸಿಗೆ 100 ರೂಪಾಯಿ, ಅಂದರೆ ತಾಸಿಗೆ 50. ಇಡೀ ದಿನ ನಿಂತು ಕಾಲು ಸೋತ ಮೇಲೆ ಮಾಡಿದ ಕೆಲಸಕ್ಕೆ ಬೆಳಗಿನ ಕೆಲಸಕ್ಕಿಂತ ಕಡಿಮೆ ಬೆಲೆ. ನೀವು ಬೇಕಂತಲೇ ಹೀಗೆ ಮಾಡಿಲ್ಲ, ಅದು ನನಗೆ ಗೊತ್ತು. ತಿಂಗಳ ಪಗಾರದ ಒಳಗೆ ತಾಸುಗಳು ಕಾಣುವುದಿಲ್ಲ. ಅದಕ್ಕೇ ಚಿಗವ್ವ ತಾಸಿನ ಲೆಕ್ಕ ಕೇಳಿದ್ದು.

ಕಾನೂನಿನ ಮಾತು ಬೇಗ ಮುಗಿಸುತ್ತೇನೆ. 1948ರ ಕನಿಷ್ಠ ವೇತನ ಕಾಯ್ದೆಯ ಜಾಗಕ್ಕೆ ಈಗ 2019ರ ವೇತನ ಸಂಹಿತೆ ಬಂದಿದೆ. 2025ರ ನವೆಂಬರ್ 21ರಿಂದ ಜಾರಿಯಲ್ಲಿದೆ. ವಾರಕ್ಕೆ 48 ತಾಸು ದುಡಿಮೆ, ಅದಕ್ಕಿಂತ ಜಾಸ್ತಿ ಆದರೆ ಎರಡು ಪಟ್ಟು ಕೂಲಿ ಅನ್ನುವ ನಿಯಮ ಹಳೆಯದು, ಈಗಲೂ ಇದೆ. ನಿಮ್ಮಲ್ಲಿ ವಾರಕ್ಕೆ 54 ತಾಸು ಆಗುತ್ತಿದೆ. ಅಂದರೆ ಸೀಸನ್ ಇಲ್ಲದಾಗಲೂ ವಾರಕ್ಕೆ 6 ತಾಸು ಓವರ್‌ಟೈಮ್. ಸೀಸನ್‌ನ ಎರಡು ತಾಸಿಗೆ ಈಗಿನ ಪಗಾರದ ಲೆಕ್ಕದಲ್ಲೇ 269 ರೂಪಾಯಿ ಆಗಬೇಕಿತ್ತು. ನೀವು ಕೊಟ್ಟಿದ್ದು 100.

ಕನಿಷ್ಠ ವೇತನದ ಪಟ್ಟಿ ಗದಗಿನ ಕಾರ್ಮಿಕ ನಿರೀಕ್ಷಕರ ಕಚೇರಿಯಲ್ಲಿ ಸಿಗುತ್ತದೆ. ತುಟ್ಟಿಭತ್ಯೆ ಸೇರಿ ಪ್ರತಿ ಏಪ್ರಿಲ್ 1ಕ್ಕೆ ಬದಲಾಗುತ್ತದೆ, ಹಾಗಾಗಿ ಈ ವರ್ಷದ್ದನ್ನೇ ಕೇಳಿ ತನ್ನಿ. ಅದರಲ್ಲಿ ಕುಶಲ ಕೆಲಸಗಾರರ ಸಾಲು ನೋಡಿ. ನಿಮ್ಮ ಪಗಾರ ಅದಕ್ಕಿಂತ ಕೆಳಗಿದ್ದರೆ ಬೇರೆ ಎಲ್ಲಕ್ಕೂ ಮೊದಲು ಅದನ್ನು ಸರಿ ಮಾಡಿ. ಆದರೆ ಆ ಅಂಕಿಯನ್ನೇ ನ್ಯಾಯದ ಪಗಾರ ಅಂದುಕೊಳ್ಳಬೇಡಿ. ಇದಕ್ಕಿಂತ ಕೆಳಗೆ ಇಳಿಯಲೇಬಾರದು ಅಂತ ಎಳೆದ ಗೆರೆ ಅದು, ಅಷ್ಟೇ.

ಆ ಗೆರೆ ಹೇಗೆ ಹುಟ್ಟಿತು ಅನ್ನುವುದು ನಮ್ಮ ಕಸುಬಿನವರು ತಿಳಿಯಬೇಕಾದ ವಿಷಯ. 1957ರಲ್ಲಿ 15ನೇ ಭಾರತೀಯ ಕಾರ್ಮಿಕ ಸಮ್ಮೇಳನ ಒಂದು ಲೆಕ್ಕ ಹಾಕಿತು. ದುಡಿಯುವವರು, ಜೊತೆಗಾರರು, ಇಬ್ಬರು ಮಕ್ಕಳು. ದೊಡ್ಡವರೊಬ್ಬರಿಗೆ ದಿನಕ್ಕೆ 2,700 ಕ್ಯಾಲೊರಿ ಊಟ. ಇಡೀ ಮನೆಗೆ ವರ್ಷಕ್ಕೆ 72 ಗಜ ಬಟ್ಟೆ. ಮನೆ ಬಾಡಿಗೆ. ಉರುವಲು, ದೀಪ, ಚಿಲ್ಲರೆ ಖರ್ಚಿಗೆ ಅಂತ ಒಟ್ಟಿನಲ್ಲಿ ಶೇಕಡ 20. ಮಕ್ಕಳ ಓದು, ಔಷಧ, ಹಬ್ಬ, ಮದುವೆ, ಮುಪ್ಪು ಇವಕ್ಕೂ ಶೇಕಡ 25 ಇರಲಿ ಅಂತ 1991ರಲ್ಲಿ ಸುಪ್ರೀಂ ಕೋರ್ಟ್ ಸೇರಿಸಿತು. ನೋಡಿ, ಕೂಲಿಯ ಲೆಕ್ಕ ಶುರುವಾಗಿದ್ದು ಮನೆಯ ಖರ್ಚಿನಿಂದ. ಅಂಗಡಿಗೆ ಎಷ್ಟು ಮಿಗುತ್ತದೆ ಅನ್ನುವುದರಿಂದ ಅಲ್ಲ. ನೀವು ಒಂದು ದಿನ ಚಿಗವ್ವನ ಜೊತೆ ಕೂತು ಅವರ ಮನೆಯ ತಿಂಗಳ ಖರ್ಚು ಬರೆದು ನೋಡಿ. ಬಾಡಿಗೆ, ಜೋಳ, ಎಣ್ಣೆ, ಗ್ಯಾಸ್, ಫೀ. ಅವರು ಹೇಳಲು ಒಪ್ಪಿದರೆ ಮಾತ್ರ.

ಈಗ ಸಾವಿರ ಸ್ಟಿಚ್‌ನ ಮಾತು. ಇದು ಬೇಡ ಅನ್ನುತ್ತೇನೆ. ಯಾಕೆ ಅಂತ ಸ್ವಲ್ಪ ವಿವರವಾಗಿ ಹೇಳಬೇಕು.

ಎರಡು ತೋಳು, ಬೆನ್ನಿನ ಕುತ್ತಿಗೆ ಸೇರಿ 45,000 ಸ್ಟಿಚ್‌ನ ಒಂದು ಡಿಸೈನ್ ಅಂದುಕೊಳ್ಳಿ. ನಿಮಿಷಕ್ಕೆ 750ರಂತೆ ಓಡಿದರೆ ಸರಿಯಾಗಿ ಒಂದು ತಾಸು. ಆದರೆ ಯಾವತ್ತಾದರೂ ಒಂದು ತಾಸಿನಲ್ಲಿ ಮುಗಿದಿದೆಯಾ? ಬಟ್ಟೆಗೆ ಹಿಂದೆ ಪೇಪರ್ ಕೊಟ್ಟು ಫ್ರೇಮ್‌ಗೆ ಹಾಕಬೇಕು. ಸಡಿಲ ಆದರೆ ಹೊಲಿಗೆ ಸುಕ್ಕು ಹಿಡಿಯುತ್ತದೆ. ಜಾಸ್ತಿ ಎಳೆದರೆ ಫ್ರೇಮ್ ಬಿಚ್ಚಿದ ಕೂಡಲೇ ಬಟ್ಟೆ ಮುದುಡುತ್ತದೆ. ದಾರ ಹರಿದರೆ ಹಿಂದಕ್ಕೆ ಹೋಗಿ ಅದೇ ಜಾಗದಿಂದ ಎತ್ತಬೇಕು. ಬಾಬಿನ್ ಬದಲಿಸಬೇಕು. ಜರಿ ದಾರ ಬಂದರಂತೂ ವೇಗ 500–600ಕ್ಕೆ ಇಳಿಸಬೇಕು, ದೊಡ್ಡ ಕಣ್ಣಿನ ಸೂಜಿ ಹಾಕಬೇಕು, ದಾರದ ಬಿಗಿತ ಸಡಿಲಿಸಬೇಕು. ಇಲ್ಲದಿದ್ದರೆ ಜರಿ ಪದೇ ಪದೇ ಹರಿಯುತ್ತದೆ. ನಡುವೆ ಕರೆಂಟ್ ಹೋಗುತ್ತದೆ. ಒಂದು ತಾಸಿನ ಕೆಲಸ ಒಂದೂವರೆ ತಾಸು ಆಗುವುದು ಹೀಗೆ.

ಸಾವಿರ ಸ್ಟಿಚ್‌ಗೆ ಇಷ್ಟು ಅಂತ ಕೊಟ್ಟರೆ ಈ ಅರ್ಧ ತಾಸಿಗೆ ದುಡ್ಡೇ ಇಲ್ಲ. ಆದರೆ ಕೈಗುಣ ಇರುವುದು ಆ ಅರ್ಧ ತಾಸಿನಲ್ಲೇ. ಸೂಜಿ ಓಡುವುದು ಮೋಟಾರ್‌ನಿಂದ. ಫ್ರೇಮ್‌ನ ಬಿಗಿತ ಬೆರಳಿಗೆ ಗೊತ್ತಾಗಬೇಕು. ಸೂಜಿ ಮೊಂಡಾದದ್ದು ಸದ್ದಿನಿಂದಲೇ ತಿಳಿಯಬೇಕು. ಎರಡು ಮಷಿನ್ ನೋಡುವವರಿಗೆ ಒಂದರ ಕಡೆ ಬೆನ್ನು ಮಾಡಿದಾಗಲೂ ಕಿವಿ ಅಲ್ಲೇ ಇರಬೇಕು. ಇನ್ನೂ ಒಂದು ಅಪಾಯ ಇದೆ. ಸ್ಟಿಚ್‌ಗೆ ದುಡ್ಡು ಅಂದರೆ ಯಾರೇ ಆಗಲಿ ವೇಗ ಏರಿಸುತ್ತಾರೆ. ಮದುವೆಯ ರೇಷ್ಮೆ ಸೀರೆಯ ಜಂಪರ್ ಪೀಸ್ ಆ ಸೀರೆಯಿಂದಲೇ ಕತ್ತರಿಸಿದ್ದು. ಕೆಟ್ಟರೆ ಅದೇ ಬಣ್ಣ, ಅದೇ ಅಂಚು ಮತ್ತೆ ಎಲ್ಲಿಂದ ತರುತ್ತೀರಿ? ಇಂಥದ್ದೊಂದು ಪೀಸ್ ಕೆಡದಂತೆ ಉಳಿಸಿದ ಕೈಗೆ ಬೆಲೆ ಕಟ್ಟುವಾಗ ಸ್ಟಿಚ್ ಎಣಿಸಿದರೆ ಆಗುವುದಿಲ್ಲ.

ಸ್ಟಿಚ್ ಲೆಕ್ಕವನ್ನು ಗಿರಾಕಿಗೆ ದರ ಹೇಳಲು ಇಟ್ಟುಕೊಳ್ಳಿ. ಚಿಗವ್ವನಿಗೆ ತಾಸು. ಕರೆಂಟ್ ಇಲ್ಲದೆ ಕೂತ ತಾಸೂ ಅದರಲ್ಲಿ ಸೇರಬೇಕು. ಅವರು ಕೆಲಸಕ್ಕೆ ಬಂದಿದ್ದಾರೆ, ಕೆಲಸ ಕೊಡುವುದು ನಿಮ್ಮ ಹೊಣೆ. ಆಷಾಢದ ಖಾಲಿ ದಿನಗಳಿಗೂ ಇದೇ ಮಾತು.

ಇಲ್ಲಿ ನನ್ನ ಅವ್ವನ ನೆನಪು ಬರುತ್ತದೆ. ಅವ್ವ ಇಳಕಲ್ ಸೀರೆಯ ಮೇಲೆ ಕಸೂತಿ ಹಾಕುತ್ತಿದ್ದರು. ಗವಂತಿ, ಮುರ್ಗಿ, ನೇಗಿ, ಮೆಂತಿ, ಕಸೂತಿಯ ನಾಲ್ಕೂ ಬಗೆಯ ಹೊಲಿಗೆ ಬರುತ್ತಿದ್ದವು. ಬಟ್ಟೆಯ ಎಳೆ ಎಣಿಸಿಯೇ ಹಾಕಬೇಕು, ಗಂಟು ಹಾಕುವಂತಿಲ್ಲ. ಗವಂತಿ, ಮುರ್ಗಿಯಂತೂ ಹಿಂದೆ ಮುಂದೆ ಎರಡೂ ಕಡೆ ಒಂದೇ ಥರ ಕಾಣಬೇಕು. ಸೆರಗಿನ ಮೇಲೆ ಒಂದು ಗೋಪುರ, ಒಂದು ತೇರು ಏಳಬೇಕಾದರೆ ಎಷ್ಟೋ ಸಂಜೆಗಳು ಹೋಗುತ್ತಿದ್ದವು. ವ್ಯಾಪಾರಿ ಬರುತ್ತಿದ್ದರು, ಸೀರೆಗೆ ಇಷ್ಟು ಅಂತ ಕೈಗಿಟ್ಟು ಹೋಗುತ್ತಿದ್ದರು. ಎಷ್ಟು ತಾಸು ಹಿಡಿಯಿತು ಅಂತ ಅವರು ಕೇಳಲಿಲ್ಲ. ಅವ್ವನೂ ಹೇಳಲಿಲ್ಲ. ಕಣ್ಣು ಮಂಜಾದ ಮೇಲೆ ಸೂಜಿ ಬಿಟ್ಟರು. ಧಾರವಾಡದ ಕಸೂತಿಗೆ ಈಗ ಭೌಗೋಳಿಕ ಸೂಚಕದ ಗುರುತು ಸಿಕ್ಕಿದೆ. ನನಗೆ ಹೆಮ್ಮೆ ಇದೆ. ಆದರೆ ಆ ಗುರುತು ಬಂದ ಮೇಲೂ ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ತಾಸು ಎಣಿಸುವವರಿಲ್ಲ. ನಿಮ್ಮ ಅಂಗಡಿಯಲ್ಲಿ ಒಬ್ಬ ಹೆಣ್ಣುಮಗಳು ತಾನೇ ಬಾಯಿಬಿಟ್ಟು ಕೇಳಿದ್ದಾರೆ ಅಂತ ಓದಿ ನನಗೆ ಖುಷಿಯಾಯಿತು.

ಇನ್ನು 14,000 ಮತ್ತು 16,000. ಅಕ್ಕಾವರೇ, ಇದು ತಪ್ಪು. ನೇರವಾಗಿ ಹೇಳುತ್ತಿದ್ದೇನೆ, ಬೇಜಾರು ಮಾಡಿಕೊಳ್ಳಬೇಡಿ. ಹುಡುಗ ಒಂದು ಮಷಿನ್ ನೋಡುತ್ತಾನೆ, ಅದನ್ನೂ ಚಿಗವ್ವನಿಂದ ಕಲಿತ. ಅವರು ಎರಡು ನೋಡುತ್ತಾರೆ. ಅವನು ಮನೆ ನಡೆಸುತ್ತಾನೆ ಅಂದಿರಿ. ಚಿಗವ್ವನ ಮನೆ ಯಾರು ನಡೆಸುತ್ತಾರೆ ಅಂತ ಪತ್ರದಲ್ಲಿ ಒಂದು ಸಾಲೂ ಇಲ್ಲ. ಒಂದೇ ಕೆಲಸಕ್ಕೆ ಹೆಣ್ಣು ಗಂಡು ಅಂತ ಪಗಾರದಲ್ಲಿ ಭೇದ ಮಾಡಬಾರದು ಅಂತ 1976ರಲ್ಲೇ ಕಾಯ್ದೆ ಬಂತು, ಈಗ ವೇತನ ಸಂಹಿತೆಯಲ್ಲೂ ಇದೆ. ಸಮ ಮಾಡಲು ಹುಡುಗನ ಪಗಾರ ಇಳಿಸುವಂತೆಯೂ ಇಲ್ಲ. ಮನೆಯವರ ಹಾಗೆ ನೋಡಿಕೊಳ್ತೀವಿ ಅಂತ ಬರೆದಿದ್ದೀರಿ, ನಂಬುತ್ತೇನೆ. ಹಬ್ಬಕ್ಕೆ ಸೀರೆ ಕೊಟ್ಟಿರುತ್ತೀರಿ, ಆಸ್ಪತ್ರೆಗೆ ಕರೆದುಕೊಂಡು ಹೋಗಿರುತ್ತೀರಿ. ಅದು ನಿಮ್ಮ ಪ್ರೀತಿ, ಇರಲಿ. ಪಗಾರ ಅವರು ದುಡಿದದ್ದು. ಎರಡನ್ನೂ ಒಂದೇ ತಕ್ಕಡಿಗೆ ಹಾಕಬೇಡಿ.

ಹಾಗಾದರೆ ಎಷ್ಟು? ಹುಡುಗನ 16,000ವನ್ನು 26 ದಿನ, ದಿನಕ್ಕೆ 8 ತಾಸಿನಂತೆ 208 ತಾಸಿಗೆ ಹಂಚಿದರೆ ತಾಸಿಗೆ 77 ರೂಪಾಯಿ. ಚಿಗವ್ವನಿಗೆ ಇದಕ್ಕಿಂತ ಕಡಿಮೆ ಅಂತೂ ಸಾಧ್ಯವೇ ಇಲ್ಲ. ಇದರ ಮೇಲೆ ಎರಡು ಮಷಿನ್ ನೋಡುವುದಕ್ಕೆ, ರೇಷ್ಮೆ ಮತ್ತು ಜರಿ ಕೆಲಸಕ್ಕೆ, ಹೊಸಬರಿಗೆ ಕಲಿಸುವುದಕ್ಕೆ ಹತ್ತಿರ ಹತ್ತಿರ ಕಾಲು ಭಾಗ ಸೇರಿಸಿ. 95 ರೂಪಾಯಿ ಆಗುತ್ತದೆ. ಈ ಕಾಲು ಭಾಗ ಸರ್ಕಾರದ ಲೆಕ್ಕ ಅಲ್ಲ, ನನ್ನ ತೀರ್ಮಾನ. ನಿಮಗೆ ಇದು ಕಡಿಮೆ ಅನ್ನಿಸಿದರೆ ಇನ್ನೂ ಕೊಡಿ. ಅವರು ಕಂಪ್ಯೂಟರ್‌ನಲ್ಲಿ ಡಿಸೈನ್ ಕೂಡ ಮಾಡುವವರಾದರೆ ಅದು ಬೇರೆಯೇ ವಿದ್ಯೆ, ಅದಕ್ಕೆ ಬೇರೆ ದರ ಕಟ್ಟಿ. ಅಂಗಡಿ ಬಾಗಿಲು 10ಕ್ಕೆ ತೆಗೆಯಿರಿ, 8 ತಾಸಿನ ದಿನ ಮಾಡಿ. ತಿಂಗಳಿಗೆ 19,760 ರೂಪಾಯಿ. ಸೀಸನ್‌ನಲ್ಲಿ ರಾತ್ರಿ ನಿಂತರೆ ತಾಸಿಗೆ 190. ಅದೂ ಅವರಿಗೆ ಒಪ್ಪಿಗೆ ಇದ್ದರೆ.

5,760 ರೂಪಾಯಿ ಜಾಸ್ತಿ ಎಲ್ಲಿಂದ ತರಲಿ ಅಂತ ಕೇಳುತ್ತೀರಿ. ಕೇಳಲೇಬೇಕು. ಜಂಪರ್‌ಗೆ ಒಂದೂವರೆ ತಾಸು ಹಿಡಿದರೂ ಎರಡು ಮಷಿನ್ ಸೇರಿ 8 ತಾಸಿನಲ್ಲಿ 10 ಜಂಪರ್ ಆಗಬಹುದು. ವರ್ಷ ಪೂರ್ತಿ ಅಷ್ಟು ಕೆಲಸ ಇರುವುದಿಲ್ಲ, ಅರ್ಧ ಹಿಡಿಯಿರಿ. ದಿನಕ್ಕೆ 5, ತಿಂಗಳಿಗೆ 130. ಒಂದು ಜಂಪರ್ ಮೇಲೆ ಬೀಳುವ ಹೊಸ ಖರ್ಚು 44 ರೂಪಾಯಿ. 700 ಇದ್ದದ್ದನ್ನು 750 ಮಾಡಿದರೆ ಆಯಿತು. ಮದುವೆಗೆ ಸಾವಿರಾರು ರೂಪಾಯಿಯ ಸೀರೆ ತಂದವರು ಈ 50 ರೂಪಾಯಿಗೆ ನಿಮ್ಮನ್ನು ಬಿಟ್ಟು ಹೋಗುವುದಿಲ್ಲ, ಕೆಲಸ ಚೊಕ್ಕ ಇದ್ದರೆ.

ನಮ್ಮ ಅಂಗಡಿಗಳಲ್ಲಿ ಇದು ಉಲ್ಟಾ ನಡೆಯುತ್ತದೆ. ಪಕ್ಕದವರು 700 ಅಂದರೆ ನಾವು 680 ಅನ್ನುತ್ತೇವೆ. ಅದರಲ್ಲಿ ದಾರ, ಕರೆಂಟ್, ಬಾಡಿಗೆ, ಮಷಿನ್ ಕಂತು ಎಲ್ಲ ತೆಗೆದು, ಉಳಿದದ್ದರಲ್ಲಿ ಪಗಾರ ಹುಡುಕುತ್ತೇವೆ. ದಾರದ ಅಂಗಡಿಯವರು ನಮಗೋಸ್ಕರ ರೇಟು ಇಳಿಸುವುದಿಲ್ಲ, ಬ್ಯಾಂಕಿನವರೂ ಇಳಿಸುವುದಿಲ್ಲ. ಹಾಗಾಗಿ ಕೊರತೆ ಎಲ್ಲ ಕೈ ಕೆಲಸದವರ ಮೇಲೆ ಬೀಳುತ್ತದೆ. ಪಗಾರವನ್ನು ಮೊದಲು ಬರೆಯಿರಿ. ದರ ಆಮೇಲೆ ಕಟ್ಟಿ. ರೇಟು ಕೆಡಿಸಬೇಡ ಅನ್ನುವವರನ್ನೂ ಒಂದು ಸಂಜೆ ಚಹಾಕ್ಕೆ ಕರೆದು ಈ ಲೆಕ್ಕ ಮುಂದಿಡಿ. ಎಲ್ಲರೂ 50 ರೂಪಾಯಿ ಏರಿಸಿದರೆ ಯಾರ ಗಿರಾಕಿಯೂ ಎಲ್ಲಿಗೂ ಹೋಗುವುದಿಲ್ಲ ಅಲ್ವಾ?

ಒಮ್ಮೆಲೇ ಆಗದಿದ್ದರೆ ಎರಡು ಹಂತ ಮಾಡಿ. 77 ರೂಪಾಯಿ ಮತ್ತು 8 ತಾಸು ಈ ತಿಂಗಳಿಂದಲೇ, ಇದಕ್ಕೆ ಕಾಯುವಂತಿಲ್ಲ. 95 ದೀಪಾವಳಿಗೆ. ತಾರೀಖು ಬರೆದು ಅವರ ಕೈಗೆ ಕೊಡಿ. ಬಂದ ಸಮಯ, ಹೋದ ಸಮಯ ಬರೆಯಲು ಒಂದು ವಹಿ ಇಡಿ. ಅದರ ಸಹಿ ಅವರದೂ ಇರಲಿ. ಬಟ್ಟೆ ಕೆಟ್ಟಿತು ಅಂತ ಪಗಾರದಲ್ಲಿ ಹಿಡಿಯುವ ರೂಢಿ ಇದ್ದರೆ ನಿಲ್ಲಿಸಿ. ನಿಜವಾಗಿ ಅಲಕ್ಷ್ಯ ಆಗಿದೆಯಾ ಅಂತ ಅವರ ಮಾತು ಕೇಳದೆ ಒಂದು ರೂಪಾಯಿಯನ್ನೂ ಹಿಡಿಯಬಾರದು. ಹೋದ ಮದುವೆ ಸೀಸನ್‌ನ ರಾತ್ರಿಗಳ ಬಾಕಿಯನ್ನೂ ಲೆಕ್ಕ ಹಾಕಿ, ಕಂತಿನಲ್ಲಾದರೂ ತೀರಿಸಿ.

ನಾಲ್ಕನೇ ಮಷಿನ್ ತನ್ನಿ, ಬೇಡ ಅನ್ನುವುದಿಲ್ಲ. ಆದರೆ ಮುಂಗಡ ಕಟ್ಟುವ ಮೊದಲು ಇದು ಮುಗಿಯಲಿ. ಹೊಸ ಮಷಿನ್ ಬಂದ ದಿನ ಅದರ ಬಿಗಿತ ಹೊಂದಿಸುವವರು, ಅದರ ಮೇಲೆ ಹೊಸ ಹುಡುಗಿಯನ್ನು ಕೂರಿಸಿ ಕಲಿಸುವವರು ಚಿಗವ್ವನೇ. ಈ ಪತ್ರಿಕೆಯನ್ನು ಅವರಿಗೂ ಓದಲು ಕೊಡಿ. ನನ್ನ ಲೆಕ್ಕದಲ್ಲಿ ಏನಾದರೂ ಬಿಟ್ಟು ಹೋಗಿದ್ದರೆ ಅವರು ಹೇಳಲಿ, ಮುಂದಿನ ಸಂಚಿಕೆಯಲ್ಲಿ ಹಾಕುತ್ತೇನೆ.

— ಸಂಪಾದಕರು