ಮದುವೆಗೆ ಮಗಳೂ ಬರಲಿ, ಅವಳ ಕಿವಿ ಮಿಷಿನ್ನೂ ಬರಲಿ

"ನಾವು ತೀರ್ಥಹಳ್ಳಿ ಹತ್ತಿರದ ಹಳ್ಳಿಯವರು. ಅಡಿಕೆ ತೋಟ, ಕೂಡು ಕುಟುಂಬ. ನಾಲ್ಕೂವರೆ ವರ್ಷದ ಮಗಳಿಗೆ ಎರಡೂ ಕಿವಿ ಮಂದ. ಪರೀಕ್ಷೆಯಲ್ಲಿ 65 ಡೆಸಿಬೆಲ್ ಎಂದು ಬಂದಿದೆ. ಒಂದೂವರೆ ವರ್ಷದಿಂದ ಮಿಷಿನ್ ಹಾಕುತ್ತಿದ್ದೇವೆ. ಈಗ ಸಣ್ಣ ಸಣ್ಣ ವಾಕ್ಯ ಹೇಳುತ್ತಾಳೆ. ಮುಂದಿನ ತಿಂಗಳು ಶಿವಮೊಗ್ಗದ ಛತ್ರದಲ್ಲಿ ನನ್ನ ಮೈದುನನ ಮದುವೆ. ನಿಶ್ಚಿತಾರ್ಥದ ದಿನ ಅತ್ತೆಯ ಮಾತಿಗೆ ಒಪ್ಪಿ, ಮಗಳಿಗೆ ಜ್ವರ ಎಂದು ಹೇಳಿ ನನ್ನ ತವರಿನಲ್ಲಿ ಬಿಟ್ಟಿದ್ದೆವು. ಈಗ ಮದುವೆಗೂ ಬಿಟ್ಟು ಬಾ, ಇಲ್ಲದಿದ್ದರೆ ಎರಡು ದಿನ ಮಿಷಿನ್ ತೆಗೆದಿಡು ಎನ್ನುತ್ತಾರೆ. ಹುಡುಗಿ ಕಡೆಯವರು ನೋಡಿ 'ಈ ಮನೆತನದಲ್ಲೇ ಇದೆ' ಅಂದುಕೊಂಡರೆ ಎಂಬ ಭಯ ಅವರಿಗೆ. ನನ್ನ ಹತ್ತಿರ ಮಾತ್ರ 'ಇದು ನಿನ್ನ ತವರಿನ ಕಡೆಯಿಂದ ಬಂದದ್ದು' ಎನ್ನುತ್ತಾರೆ. ಯಜಮಾನರು ಬಾಯಿ ಬಿಡುವುದಿಲ್ಲ. ಮಗಳು ಬೇರೆ ಮಕ್ಕಳ ಜೊತೆ ಆಡಲು ಹೋದರೆ ತಳ್ಳುತ್ತಾಳೆ, ಕಚ್ಚುತ್ತಾಳೆ. ಛತ್ರದಲ್ಲೂ ಹಾಗೇ ಮಾಡಿದರೆ? ಒಮ್ಮೊಮ್ಮೆ ತವರಲ್ಲಿ ಬಿಡುವುದೇ ವಾಸಿ ಅನ್ನಿಸುತ್ತದೆ. ಏನು ಮಾಡಲಿ?"

ತಂಗೀ, ಕರೆದುಕೊಂಡು ಹೋಗಿ. ಎರಡೂ ಮಿಷಿನ್ ಹಾಕಿಸಿಯೇ ಕರೆದುಕೊಂಡು ಹೋಗಿ.

ಇಷ್ಟು ಗಟ್ಟಿಯಾಗಿ ಹೇಳಲು ಕಾರಣ ಇದೆ. ನನ್ನ ಮಗನಿಗೂ ಹುಟ್ಟಿನಿಂದ ಕಿವಿ ಮಂದ. ಅವನಿಗೆ ಐದು ವರ್ಷ ಇದ್ದಾಗ ಸಾಗರದ ನೆಂಟರ ಮನೆಯಲ್ಲಿ ಗೃಹಪ್ರವೇಶ. ಜನ ನೋಡುತ್ತಾರೆ ಎಂದು ಅವನಿಗೆ ಮಂಗನ ಟೋಪಿ ಹಾಕಿ ಕರೆದುಕೊಂಡು ಹೋಗಿದ್ದೆ. ಟೋಪಿ ಒತ್ತಿ ಮಿಷಿನ್ 'ಕುಯ್' ಎನ್ನತೊಡಗಿತು. ಬಟ್ಟೆ ಉಜ್ಜುವ ಸದ್ದು ಬೇರೆ ಅವನ ಕಿವಿ ತುಂಬ. ಅತ್ತು ಕಿತ್ತು ಹಾಕಿದ. ನಾನು ಅದನ್ನು ಪರ್ಸಿಗೆ ಹಾಕಿಕೊಂಡು ಸುಮ್ಮನಾದೆ. ಅದಾಗಿ ಹತ್ತು ದಿನಕ್ಕೆ ಮನೆಯಲ್ಲಿ ಮಿಷಿನ್ ಕಾಣೆ. ನಾಲ್ಕು ದಿನ ಹುಡುಕಿದ ಮೇಲೆ ಅಕ್ಕಿ ಡಬ್ಬದಲ್ಲಿ ಸಿಕ್ಕಿತು. ಯಾಕೋ ಇಲ್ಲಿಟ್ಟೆ ಎಂದರೆ, ಅವನಿಗೆ ಬರುತ್ತಿದ್ದಷ್ಟು ಮಾತಿನಲ್ಲಿ ಹೇಳಿದ: "ಮಾವ ಬಂದ. ಮಿಷಿನ್ ಬೇಡ." ಅವತ್ತು ನನ್ನ ತಮ್ಮ ಬಂದಿದ್ದ. ಮನೆಗೆ ಯಾರಾದರೂ ಬಂದರೆ ಮಿಷಿನ್ ಕಾಣಬಾರದು ಎಂದು ಅವನು ಕಲಿತಿದ್ದು ನನ್ನಿಂದಲೇ. ಅದನ್ನು ಬಿಡಿಸಲು ನನಗೆ ಎರಡು ವರ್ಷ ಹಿಡಿಯಿತು.

ಎರಡು ದಿನ ತೆಗೆದಿಡುವುದು ಅಂದರೆ ಏನು ಎಂದು ಅತ್ತೆಗೆ ಬಹುಶಃ ಗೊತ್ತಿಲ್ಲ. ನಾವು ಎದುರಿಗೆ ಕೂತು ಸಾಮಾನ್ಯವಾಗಿ ಮಾತಾಡುವ ದನಿ ಸುಮಾರು 60 ಡೆಸಿಬೆಲ್. ನಿಮ್ಮ ಮಗಳಿಗೆ ಸದ್ದು ಗೊತ್ತಾಗಲು ಶುರುವಾಗುವುದೇ 65ರಿಂದ. ಮಿಷಿನ್ ತೆಗೆದರೆ ಆ ಸಾವಿರ ಜನರ ಮಧ್ಯೆ ಅವಳಿಗೆ ಕೇಳುವುದು ಓಲಗ ಮತ್ತು ಡೋಲು ಮಾತ್ರ. ನೀವು ಕರೆದದ್ದು ಕೇಳುವುದಿಲ್ಲ. ತುಟಿ ನೋಡಿ ತಿಳಿದುಕೊಳ್ಳಲಿ ಅಂದರೆ, ಕನ್ನಡಿ ಮುಂದೆ ನಿಂತು ದನಿ ಹೊರಡಿಸದೆ 'ಅಪ್ಪ' ಅನ್ನಿ, ಆಮೇಲೆ 'ಅಮ್ಮ' ಅನ್ನಿ. ಎರಡೂ ಒಂದೇ ಥರ ಕಾಣುತ್ತದೆ. ಅತ್ತೆಯವರಿಗೂ ಒಮ್ಮೆ ಹೀಗೆ ಮಾಡಿ ತೋರಿಸಿ. ಎಷ್ಟೋ ಅಜ್ಜಿಯಂದಿರು ಇದೊಂದನ್ನು ನೋಡಿದ ಮೇಲೆ ಬದಲಾದದ್ದನ್ನು ನಾನು ಕಂಡಿದ್ದೇನೆ.

ಅತ್ತೆ ಕೆಟ್ಟವರು ಎಂದು ನನಗೆ ಅನ್ನಿಸುವುದಿಲ್ಲ. ಹೆದರಿದ್ದಾರೆ. ಅವರ ಭಯಕ್ಕೆ ನೇರವಾಗಿ ಉತ್ತರ ಹೇಳಬೇಕು. ಮಕ್ಕಳಿಗೆ ಕಿವಿ ಕೇಳದಿರಲು ಬೇರೆ ಬೇರೆ ಕಾರಣ ಇರುತ್ತವೆ. ಬಸುರಿಯಲ್ಲಿ ತಾಯಿಗೆ ರುಬೆಲ್ಲಾ ಎಂಬ ಸೋಂಕು ಬಂದಿರಬಹುದು. ಮಗು ದಿನ ತುಂಬುವ ಮೊದಲೇ ಹುಟ್ಟಿರಬಹುದು, ಹುಟ್ಟಿದ ಕೂಡಲೇ ಕಾಮಾಲೆ ಮಿತಿ ಮೀರಿರಬಹುದು, ಮೆನಿಂಜೈಟಿಸ್, ಅಂದರೆ ಮಿದುಳಿನ ಪೊರೆಯ ಉರಿಯೂತ, ಆಗಿರಬಹುದು. ವಂಶದಿಂದ ಬರುವುದೂ ಉಂಟು. ಆದರೆ ಅಪ್ಪ ಅಮ್ಮ ಇಬ್ಬರಿಗೂ ಚೆನ್ನಾಗಿ ಕೇಳಿಸುವ ಮನೆಯಲ್ಲಿ ಅದು ಹೆಚ್ಚಾಗಿ ಬರುವುದು ಇಬ್ಬರ ಕಡೆಯಿಂದಲೂ ಒಂದೊಂದು ಜೀನ್ ಬಂದು ಸೇರಿದಾಗ. ಒಬ್ಬರಿಂದ ಮಾತ್ರ ಬಂದರೆ ಮಗುವಿಗೆ ಏನೂ ಆಗುವುದಿಲ್ಲ. ಹಾಗಿರುವಾಗ 'ತವರಿನ ಕಡೆಯಿಂದ' ಎನ್ನುವ ಮಾತಿಗೆ ಅರ್ಥವೇ ಇಲ್ಲ. ಮೈದುನನಿಗೆ ಹುಟ್ಟುವ ಮಕ್ಕಳಿಗೂ ಇದು ಬರಬೇಕಾದರೆ ಆ ಹುಡುಗಿಯಲ್ಲೂ ಅದೇ ಜೀನ್ ಇರಬೇಕು. ಹತ್ತಿರದ ಸಂಬಂಧದಲ್ಲಿ ಮದುವೆಯಾದರೆ ಆ ಸಾಧ್ಯತೆ ಜಾಸ್ತಿ. ಹೊರಗಿನ ಸಂಬಂಧವಾದರೆ ಕಡಿಮೆ.

ಇನ್ನೊಂದು ಮಾತು, ಸ್ವಲ್ಪ ಕಷ್ಟದ್ದು. ನಿಶ್ಚಿತಾರ್ಥದಲ್ಲಿ ಜ್ವರ ಎಂದು ಸುಳ್ಳು ಹೇಳಿದಿರಲ್ಲ, ಅದು ಮಗುವಿಗೆ ಮಾಡಿದ ಅನ್ಯಾಯ ಮಾತ್ರ ಅಲ್ಲ. ಆ ಹುಡುಗಿಗೂ ಅನ್ಯಾಯ. ಅವಳು ಬಂದು ಇರುವುದು ನಿಮ್ಮದೇ ಮನೆಯಲ್ಲಿ. ಮದುವೆಯಾದ ಮೂರನೇ ದಿನ ಮಿಷಿನ್ ನೋಡುತ್ತಾಳೆ. ಆಗ ಅವಳ ಮನಸ್ಸಿಗೆ ಬರುವುದು ಮಗುವಿನ ಕಿವಿ ಅಲ್ಲ, 'ನನ್ನಿಂದ ಮುಚ್ಚಿಟ್ಟರು' ಎನ್ನುವುದು. ಅದಕ್ಕೆ ಮದುವೆಗೆ ಮೊದಲೇ ತಿಳಿಸಬೇಕು. ತಿಳಿಸಬೇಕಾದವರು ನೀವಲ್ಲ. ನಿಮ್ಮ ಯಜಮಾನರು ಮತ್ತು ಮೈದುನ ಇಬ್ಬರೂ ಹೋಗಿ, ಕಾಫಿ ಕುಡಿಯುವಷ್ಟು ಹೊತ್ತು ಕೂತು, ಹೇಳಿ ಬರಲಿ. ತಾಯಿಯ ಹತ್ತಿರ ಮಾತಾಡಬೇಕಾದವರೂ ಯಜಮಾನರೇ. ಇಷ್ಟು ದಿನ ಎಲ್ಲ ಮಾತನ್ನೂ ನೀವೊಬ್ಬರೇ ಕೇಳಿಸಿಕೊಂಡಿದ್ದೀರಿ. ಈ ಪತ್ರವನ್ನು ಅವರ ಕೈಗೆ ಕೊಡಿ. ಅಣ್ಣಾ, ನಿಮ್ಮ ಮಗಳ ಪರವಾಗಿ ಇದೊಂದು ಕೆಲಸ ನಿಮ್ಮದು.

ವಂಶದ ವಿಚಾರ ಖಚಿತ ಮಾಡಿಕೊಳ್ಳಬೇಕು ಎಂದಿದ್ದರೆ ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ವಿಚಾರಿಸಿ. 1965ರಲ್ಲಿ ಶುರುವಾದ ಸಂಸ್ಥೆ ಅದು. ಮಾತು ಕಲಿಸುವ ತರಬೇತಿಯಲ್ಲಿ ತಾಯಂದಿರನ್ನೂ ಮಗುವಿನ ಜೊತೆಗೇ ಕೂರಿಸಿಕೊಳ್ಳುತ್ತಾರೆ. ಶಿವಮೊಗ್ಗದಿಂದ ರೈಲು ಇದೆ.

ಇನ್ನು ತಳ್ಳುವುದು, ಕಚ್ಚುವುದು. ಇದು ಹಟ ಅಲ್ಲ ಎಂದು ನಾನು ನಂಬುತ್ತೇನೆ. ಮಕ್ಕಳ ಆಟ ಗಮನವಿಟ್ಟು ನೋಡಿ. 'ಈಗ ನೀನು ಕಳ್ಳ', 'ಇದು ಲೆಕ್ಕಕ್ಕಿಲ್ಲ', 'ಆ ಕಡೆ ಹೋಗಬಾರದು' ಎಂದು ನಿಮಿಷಕ್ಕೊಂದು ರೂಲ್ಸ್ ಬದಲಾಗುತ್ತದೆ. ಎಲ್ಲವನ್ನೂ ಓಡುತ್ತಾ, ಹಿಂದಿನಿಂದ ಕೂಗಿ ಹೇಳುತ್ತಾರೆ. ನಿಮ್ಮ ಮಗಳಿಗೆ ಅದು ಸಿಗುವುದಿಲ್ಲ. ಹಳೇ ರೂಲ್ಸ್ ಹಿಡಿದುಕೊಂಡು ಆಡುತ್ತಾಳೆ. ಎಲ್ಲರೂ ಬೈದಾಗ ಯಾಕೆ ಎಂದು ಗೊತ್ತಾಗದೆ ಕೈ ಎತ್ತುತ್ತಾಳೆ. ಕಣ್ಣಾಮುಚ್ಚಾಲೆ ಅವಳಿಗೆ ಅತಿ ಕಷ್ಟದ ಆಟ. ಕಣ್ಣನ್ನೂ ಕಟ್ಟಿಬಿಟ್ಟರೆ ಇನ್ನೇನು ಉಳಿಯಿತು? ಕುಂಟೆಬಿಲ್ಲೆ ಒಳ್ಳೆಯದು, ನೋಡಿಯೇ ಕಲಿಯಬಹುದು. ಚೆನ್ನೆಮಣೆ ಇನ್ನೂ ಒಳ್ಳೆಯದು. ಎದುರುಬದುರು ಕೂರಬೇಕು, ಒಬ್ಬರ ಮುಖ ಒಬ್ಬರಿಗೆ ಕಾಣುತ್ತದೆ, ಸರದಿ ಕಾಯುವುದನ್ನೂ ಕಲಿಸುತ್ತದೆ. ಮೊದಲು ಒಂದೇ ಒಂದು ಮಗುವನ್ನು ಮನೆಗೆ ಕರೆದು ಜಗಲಿಯಲ್ಲಿ ಆಡಿಸಿ. ಆ ಸ್ನೇಹ ಕುದುರಿದ ಮೇಲೆ ಎರಡನೇ ಮಗು.

ಆ ಮಕ್ಕಳಿಗೆ ಮಿಷಿನ್ ತೋರಿಸಿ. ಅಂಗೈಯಲ್ಲಿಟ್ಟು ಮುಷ್ಟಿ ಮುಚ್ಚಿದರೆ ಅದು ಸಿಳ್ಳೆ ಹೊಡೆಯುತ್ತದಲ್ಲ, ಶೆಲ್ ಇದೆಯೋ ಇಲ್ಲವೋ ನೋಡಲು ನಾವು ಮಾಡುತ್ತೇವಲ್ಲ, ಹಾಗೆ. ಒಮ್ಮೆ ಆ ಸಿಳ್ಳೆ ಕೇಳಿದ ಮಕ್ಕಳು ಆಮೇಲೆ ಎಳೆದು ನೋಡಲು ಬರುವುದಿಲ್ಲ. ಮಗಳಿಗೂ ಒಂದು ಮಾತು ಬಾಯಿಪಾಠ ಮಾಡಿಸಿ: "ಇದು ನನ್ನ ಕಿವಿ ಮಿಷಿನ್. ಇದ್ರಿಂದ ನಂಗೆ ಕೇಳತ್ತೆ." ಇನ್ನೊಂದು ಮಾತು: "ಕೇಳ್ಲಿಲ್ಲ, ಇನ್ನೊಂದ್ಸಲ ಹೇಳು." ಈ ಎರಡನೆಯದು ಎಲ್ಲಕ್ಕಿಂತ ಮುಖ್ಯ. ಇಲ್ಲದಿದ್ದರೆ ಮಕ್ಕಳು ಕೇಳದಿದ್ದರೂ 'ಹ್ಞೂಂ' ಎಂದು ತಲೆಯಾಡಿಸಲು ಕಲಿಯುತ್ತಾರೆ. ನನ್ನ ಮಗ ಎಷ್ಟೋ ವರ್ಷ ಹಾಗೇ ತಲೆಯಾಡಿಸಿದ. ಯಾರೇನು ಕೇಳಿದರೂ ಅವನ ಬದಲು ನಾನೇ ಉತ್ತರ ಕೊಡುತ್ತಿದ್ದುದೂ ಅದಕ್ಕೆ ಕಾರಣ. ಬಸ್ಸಿನಲ್ಲಿ ಯಾರಾದರೂ 'ಅಯ್ಯೋ ಪಾಪ' ಎಂದರೆ ಮಗಳ ಮುಖ ನೋಡಿ. ಅವಳೇ ಹೇಳಲಿ.

ಛತ್ರದಲ್ಲಿ ಯಾರಾದರೂ ಒಬ್ಬರು ಹಿಂದಿನಿಂದ ಚಪ್ಪಾಳೆ ತಟ್ಟಿ 'ಕೇಳುತ್ತಾ ನೋಡೋಣ' ಎಂದು ಪರೀಕ್ಷೆ ಮಾಡಿಯೇ ಮಾಡುತ್ತಾರೆ. ಸಿಟ್ಟು ಮಾಡಬೇಡಿ. "ಅವಳ ಪರೀಕ್ಷೆ ಎಲ್ಲ ಮುಗಿದಿದೆ ಅತ್ತೆ, ಎದುರಿಗೆ ಬಂದು ಮಾತಾಡಿಸಿ, ಚೆನ್ನಾಗಿ ಮಾತಾಡ್ತಾಳೆ" ಎಂದರೆ ಸಾಕು. ಕಿರುಚಬೇಡಿ ಎಂದೂ ಹೇಳಿ. ಕಿರುಚಿದರೆ ಮಾತು ಒಡೆದು ಹೋಗುತ್ತದೆ. ಒಂದು ಮೀಟರ್ ದೂರದಲ್ಲಿ, ಮುಖ ಕಾಣುವ ಹಾಗೆ, ಮಾಮೂಲಿ ದನಿಯಲ್ಲಿ ಹೇಳಿದರೆ ಅವಳಿಗೆ ಅತಿ ಚೆನ್ನಾಗಿ ಗೊತ್ತಾಗುತ್ತದೆ. ಗಟ್ಟಿಮೇಳದ ಹೊತ್ತಿಗೆ ಅವಳು ಕಿವಿಯ ಕಡೆ ಕೈ ತೋರಿಸಿದರೆ ಹೊರಗೆ ಕರೆದುಕೊಂಡು ಹೋಗಿ ಹತ್ತು ನಿಮಿಷ ಮಿಷಿನ್ ತೆಗೆಯಿರಿ. ಅದು ಅವಳು ಕೇಳಿ ತೆಗೆಸಿದ್ದು. ಯಾರಿಗೋ ಕಾಣಬಾರದು ಎಂದು ತೆಗೆದದ್ದಲ್ಲ. ಊಟದ ಪಂಕ್ತಿಯಲ್ಲಿ ಗೋಡೆಗೆ ಬೆನ್ನು ಮಾಡಿ ಕೂರಿಸಿ, ಹಿಂದಿನ ಗದ್ದಲ ಕಡಿಮೆಯಾಗುತ್ತದೆ. ಎರಡು ಜಡೆ ಹಾಕಿ, ಕಿವಿ ಕಾಣುವ ಹಾಗೆ. ಲಂಗದ ಜೊತೆ ಒಂದು ಜೇಬಿರಲಿ, ಶೆಲ್ ಇಡಲು. ಶೆಲ್ಲಿನ ಸ್ಟಿಕ್ಕರ್ ಮೊದಲೇ ಕಿತ್ತಿಡಬೇಡಿ. ಕಿತ್ತ ಕೂಡಲೇ ಗಾಳಿ ತಾಗಿ ಅದು ಖರ್ಚಾಗಲು ಶುರುವಾಗುತ್ತದೆ.

ನೀವು ಕೇಳಿಲ್ಲ, ಆದರೂ ಹೇಳಬೇಕು. ಮದುವೆ ಮುಗಿದ ಹಿಂದೆಯೇ ಮಳೆ ಹಿಡಿಯುತ್ತದೆ, ಶಾಲೆಯೂ ಶುರು. ನಮ್ಮ ಕಡೆಯ ಮಳೆಗೆ ಮಿಷಿನ್ನಿನ ಕೊಳವೆಯಲ್ಲಿ ನೀರಿನ ಹನಿ ಕಟ್ಟುತ್ತದೆ, ಸದ್ದು ಒಳಗೆ ಹೋಗುವುದಿಲ್ಲ. ರಾತ್ರಿ ಮಲಗುವಾಗ ಶೆಲ್ಲಿನ ಬಾಗಿಲು ತೆಗೆದು, ಸಿಲಿಕಾ ಜೆಲ್ ಹಾಕಿದ ಬಿಗಿ ಮುಚ್ಚಳದ ಡಬ್ಬದಲ್ಲಿಡಿ. ಒಲೆಯ ಮೇಲಿನ ಅಟ್ಟದಲ್ಲಿ ಒಣಗಿಸಲು ಹೋಗಬೇಡಿ, ಹೊಗೆ ಮತ್ತು ಬಿಸಿಗೆ ಹಾಳಾಗುತ್ತದೆ. ಶಾಲೆಗೆ ಶೀಟಿನ ಛಾವಣಿ ಇದ್ದರೆ ಜೋರು ಮಳೆಯಲ್ಲಿ ಟೀಚರ್ ಮಾತು ಚೆನ್ನಾಗಿ ಕೇಳುವ ಮಕ್ಕಳಿಗೇ ಕೇಳುವುದಿಲ್ಲ. ಇವಳನ್ನು ಮುಂದಿನ ಸಾಲಿನಲ್ಲಿ ಕೂರಿಸಿ, ಮಳೆ ಬಂದಾಗ ಹತ್ತಿರ ಬಂದು ಹೇಳಿ ಎಂದು ಕೇಳಿಕೊಳ್ಳಿ. ಪ್ರತಿ ತಾಲ್ಲೂಕಿನ ಬಿಆರ್‌ಸಿಯಲ್ಲಿ, ಅಂದರೆ ಶಿಕ್ಷಣ ಇಲಾಖೆಯ ಕ್ಷೇತ್ರ ಸಂಪನ್ಮೂಲ ಕೇಂದ್ರದಲ್ಲಿ, ವಿಶೇಷ ಅಗತ್ಯದ ಮಕ್ಕಳಿಗೆಂದೇ ಸಂಪನ್ಮೂಲ ಶಿಕ್ಷಕರು ಇರುತ್ತಾರೆ. ಸೇರಿಸುವ ಮೊದಲೇ ಅವರನ್ನು ಕಾಣಿ. ಅಂಗವಿಕಲರಿಗೆ ಸರ್ಕಾರ ಕೊಡುವ ಗುರುತಿನ ಚೀಟಿ, ಯುಡಿಐಡಿ ಕಾರ್ಡ್, ಇನ್ನೂ ಆಗಿಲ್ಲದಿದ್ದರೆ ಅದನ್ನೂ ಮಾಡಿಸಿ. ಮತ್ತೆ, ಕರೆಂಟ್ ಹೋದಾಗ ಅವಳಿಗೆ ನಿಮ್ಮ ತುಟಿ ಕಾಣುವುದಿಲ್ಲ. ಮಾತು ಮತ್ತೂ ಕಷ್ಟವಾಗುತ್ತದೆ. ಆಗ ಟಾರ್ಚ್ ಅವಳ ಮುಖಕ್ಕಲ್ಲ, ನಿಮ್ಮ ಮುಖಕ್ಕೆ ಬಿಟ್ಟುಕೊಂಡು ಮಾತಾಡಿ. ನಮ್ಮ ಮನೆಯಲ್ಲಿ ಮಳೆಗಾಲದ ಎಷ್ಟೋ ಕಥೆಗಳನ್ನು ನಾನು ಹಾಗೆಯೇ ಹೇಳಿದ್ದೇನೆ.

ಒಬ್ಬರೇ ಅತ್ತು ಸುಧಾರಿಸಿಕೊಳ್ಳಬೇಡಿ. ಒಂದೂವರೆ ವರ್ಷದಲ್ಲಿ ಮಗು ವಾಕ್ಯ ಹೇಳುತ್ತಿದೆ ಎಂದರೆ, ಅದರ ಹಿಂದೆ ನಿಮ್ಮ ದುಡಿಮೆ ಎಷ್ಟಿದೆ ಎಂದು ನನಗೆ ಗೊತ್ತು.

ನಿಶ್ಚಿತಾರ್ಥದ ಫೋಟೊ ಮನೆಯಲ್ಲಿ ಇದ್ದೇ ಇರುತ್ತದೆ. ಇವತ್ತೇ ತೆಗೆದು ಆ ಹುಡುಗಿಯ ಮುಖ ತೋರಿಸಿ, 'ಚಿಕ್ಕಮ್ಮ' ಹೇಳಿಕೊಡಲು ಶುರು ಮಾಡಿ. ಆ ಪದ ಅವಳಿಗೆ ಸುಲಭ ಅಲ್ಲ. 'ಕ್ಕ' ಗಂಟಲಲ್ಲಿ ಹುಟ್ಟುವುದು, ತುಟಿಯಲ್ಲಿ ಕಾಣುವುದಿಲ್ಲ. ದಿನಾ ಹತ್ತು ಸಲ ಹೇಳಿಸಿ. ಮದುವೆಗೆ ಇನ್ನೂ ಒಂದು ತಿಂಗಳಿದೆ.