ಬಿದ್ದವಳನ್ನು ಎತ್ತಲು ನಿಂತು ಪದಕ ಕಳೆದುಕೊಂಡ ಮಗಳಿಗೆ ಏನು ಹೇಳಲಿ?

ನಿಮ್ಮ ಪ್ರಶ್ನೆಯನ್ನು ಎರಡು ಸಲ ಓದಿದೆ. ಜಿಲ್ಲಾ ಮಟ್ಟದ 800 ಮೀಟರ್ ಓಟದಲ್ಲಿ ನಿಮ್ಮ ಮಗಳು ಎರಡನೆಯವಳಾಗಿ ಓಡುತ್ತಿದ್ದಳು. ಪಕ್ಕದ ಹುಡುಗಿ ಎಡವಿ ಬಿದ್ದಳು. ನಿಮ್ಮ ಮಗಳು ನಿಂತು, ಕೈ ಕೊಟ್ಟು ಎಬ್ಬಿಸಿದಳು. ಅಷ್ಟರಲ್ಲಿ ಉಳಿದವರು ಮುಂದೆ ಹೋದರು, ಪದಕ ಕೈತಪ್ಪಿತು. ಕೋಚ್ ಎಲ್ಲರ ಎದುರು ಬೈದರು. ಈಗ ಅವಳು ಮೈದಾನದ ಕಡೆ ಹೋಗಲು ಹಿಂದೇಟು ಹಾಕುತ್ತಿದ್ದಾಳೆ. ‘ಒಳ್ಳೆಯದು ಮಾಡಿದೆ ಅನ್ನಲಾ, ಮುಂದಿನ ಸಲ ನಿಲ್ಲಬೇಡ ಅನ್ನಲಾ?’ ಎಂದು ಕೇಳಿದ್ದೀರಿ.

‘ನಿಲ್ಲಬೇಡ’ ಎಂದು ಮಾತ್ರ ದಯವಿಟ್ಟು ಹೇಳಬೇಡಿ.

ನಾನು ಶಾಲೆ, ಕಾಲೇಜಿನಲ್ಲಿ 1500 ಮೀಟರ್ ಓಡುತ್ತಿದ್ದವನು. ಈಗ ಬಿಡುವಿದ್ದಾಗ ನಮ್ಮ ಕಡೆಯ ಕ್ರೀಡಾಕೂಟಗಳಲ್ಲಿ ಸುತ್ತು ಎಣಿಸಲು, ಸ್ಟಾಪ್‌ವಾಚ್ ಹಿಡಿಯಲು ಹೋಗುತ್ತೇನೆ. ಹಾಗಾಗಿ ಮೊದಲು ನಿಯಮದ ಮಾತು ಹೇಳಿ ಮುಗಿಸುತ್ತೇನೆ. ಬಿದ್ದವರು ಎದ್ದು ನಿಲ್ಲಲು ಇನ್ನೊಬ್ಬ ಓಟಗಾರ ಕೈ ಕೊಟ್ಟರೆ ತಪ್ಪಲ್ಲ. ಹಿಡಿದುಕೊಂಡು ಮುಂದಕ್ಕೆ ಸಾಗಿಸಿದರೆ ಮಾತ್ರ ತೊಂದರೆ. 2019ರ ದೋಹಾ ವಿಶ್ವ ಚಾಂಪಿಯನ್‌ಷಿಪ್‌ನ 5000 ಮೀಟರ್ ಹೀಟ್ಸ್‌ನಲ್ಲಿ, ಅಂದರೆ ಅರ್ಹತಾ ಸುತ್ತಿನಲ್ಲಿ, ಗಿನಿ-ಬಿಸ್ಸಾವ್ ದೇಶದ ಬ್ರೈಮಾ ಡಾಬೊ, ಕುಸಿಯುತ್ತಿದ್ದ ಅರುಬಾದ ಜೊನಾಥನ್ ಬಸ್ಬಿ ಅವರಿಗೆ ಹೆಗಲು ಕೊಟ್ಟು ಗೆರೆ ದಾಟಿಸಿದರು. ಕ್ರೀಡಾಂಗಣವೆಲ್ಲ ಚಪ್ಪಾಳೆ ತಟ್ಟಿತು. ಆದರೂ ಬಸ್ಬಿ ಅನರ್ಹರಾದರು. ನಿಮ್ಮ ಮಗಳು ಮಾಡಿದ್ದು ಅದಲ್ಲ. ಅವಳು ನಿಯಮ ಮುರಿದಿಲ್ಲ. ಇದನ್ನು ಅವಳಿಗೆ ಸ್ಪಷ್ಟವಾಗಿ ಹೇಳಿ. ಬೈಸಿಕೊಂಡ ಮಕ್ಕಳಿಗೆ ಏನೋ ಅಪರಾಧ ಮಾಡಿದ್ದೇವೆ ಅನ್ನಿಸಿಬಿಟ್ಟಿರುತ್ತದೆ.

ಆಮೇಲೆ ಅವಳಿಗೆ ಜಾನ್ ಲ್ಯಾಂಡಿ ಅವರ ಕಥೆ ಹೇಳಿ.

1956ರ ಮಾರ್ಚ್. ಮೆಲ್ಬರ್ನ್‌ನಲ್ಲಿ ಆಸ್ಟ್ರೇಲಿಯಾದ ರಾಷ್ಟ್ರೀಯ ಕೂಟದ ಒಂದು ಮೈಲಿ ಓಟ. ಆ ವರ್ಷದ ಕೊನೆಗೆ ಅದೇ ಊರಿನಲ್ಲಿ ಒಲಿಂಪಿಕ್ಸ್ ಇತ್ತು. ಲ್ಯಾಂಡಿ ಆಗಲೇ ದೊಡ್ಡ ಹೆಸರು. ಮೈಲಿಯನ್ನು ನಾಲ್ಕು ನಿಮಿಷದೊಳಗೆ ಓಡಿದವರಲ್ಲಿ ರೋಜರ್ ಬ್ಯಾನಿಸ್ಟರ್ ಮೊದಲಿಗರಾದರೆ ಲ್ಯಾಂಡಿ ಎರಡನೆಯವರು. 1954ರಲ್ಲಿ ಫಿನ್ಲೆಂಡ್‌ನಲ್ಲಿ ಅವರು ಮಾಡಿದ 3 ನಿಮಿಷ 58 ಸೆಕೆಂಡ್‌ಗಳ ವಿಶ್ವದಾಖಲೆ ಇನ್ನೂ ಅವರ ಹೆಸರಿನಲ್ಲೇ ಇತ್ತು. ಅದನ್ನು ತಮ್ಮ ಊರಿನಲ್ಲೇ ಮುರಿಯುತ್ತಾರೆ ಎಂದು ಜನ ಕಾದು ಕುಳಿತಿದ್ದರು.

ಮೂರನೇ ಸುತ್ತಿನಲ್ಲಿ ಮುಂದೆ ಓಡುತ್ತಿದ್ದ 19 ವರ್ಷದ ರಾನ್ ಕ್ಲಾರ್ಕ್ ಕಾಲಿಗೆ ಕಾಲು ತಗುಲಿ ಬಿದ್ದುಬಿಟ್ಟರು. ಹಿಂದೆಯೇ ಇದ್ದ ಲ್ಯಾಂಡಿಗೆ ತಪ್ಪಿಸಿಕೊಳ್ಳಲು ಜಾಗವಿರಲಿಲ್ಲ. ಮೇಲಿಂದ ಹಾರಿದರು. ಆಗ ಅವರ ಶೂನ ಮೊಳೆಗಳು ಕ್ಲಾರ್ಕ್ ತೋಳಿಗೆ ತಾಗಿದವು. ಲ್ಯಾಂಡಿ ಓಟ ನಿಲ್ಲಿಸಿದರು. ಹಿಂತಿರುಗಿ ಬಂದು ಹುಡುಗನಿಗೆ ಏನಾಯಿತು ಎಂದು ನೋಡಿದರು. ‘ನನಗೇನೂ ಆಗಿಲ್ಲ, ನೀವು ಓಡಿ’ ಎಂದರು ಕ್ಲಾರ್ಕ್. ಅಷ್ಟರಲ್ಲಿ ಏಳು ಸೆಕೆಂಡಿನಷ್ಟು ಹೋಗಿತ್ತು. ಮುಂದಿನವರು ಐವತ್ತು ಮೀಟರಿಗೂ ಜಾಸ್ತಿ ದೂರದಲ್ಲಿದ್ದರು. ಉಳಿದದ್ದು ಎರಡು ಸುತ್ತಿಗೂ ಕಡಿಮೆ.

ಲ್ಯಾಂಡಿ ಓಡಿದರು. ಒಬ್ಬೊಬ್ಬರನ್ನೇ ಹಿಡಿದರು. ಗೆದ್ದರು, 4 ನಿಮಿಷ 4.2 ಸೆಕೆಂಡ್‌ಗಳಲ್ಲಿ.

ವಿಶ್ವದಾಖಲೆ ಆಗಲಿಲ್ಲ. ಆದರೆ ಆ ಕ್ಷಣದ ಕಂಚಿನ ಪ್ರತಿಮೆ ಇಂದು ಮೆಲ್ಬರ್ನ್‌ನಲ್ಲಿದೆ. ದಾಖಲೆ ಬರೆದ ಕ್ಷಣದ್ದಲ್ಲ, ಹಿಂತಿರುಗಿ ಬಂದ ಕ್ಷಣದ ಪ್ರತಿಮೆ.

ಸಾಮಾನ್ಯವಾಗಿ ಲ್ಯಾಂಡಿ ನಿಂತದ್ದನ್ನಷ್ಟೇ ಎಲ್ಲರೂ ಹೇಳುತ್ತಾರೆ. ನನಗೆ ಇಷ್ಟವಾಗುವುದು ಅವರು ಮತ್ತೆ ಓಡಿದ್ದು. ನಿಂತಾಗ ಅವರಿಗೆ ಗೆಲ್ಲುವ ಆಸೆ ಹೋಗಿರಲಿಲ್ಲ. ಎರಡೂ ಒಂದೇ ಎದೆಯಲ್ಲಿ ಇದ್ದವು. ನಿಮ್ಮ ಮಗಳಿಗೆ ನೀವು ಮುಟ್ಟಿಸಬೇಕಾದ್ದು ಇದೇ ಅಂತ ನನಗೆ ಅನ್ನಿಸುತ್ತದೆ. ‘ಪದಕ ಏನು ಮಹಾ, ನೀನು ಮನಸ್ಸು ಗೆದ್ದೆ’ ಎಂದು ಸಮಾಧಾನ ಮಾಡಲು ಹೋಗಬೇಡಿ. ಅವಳಿಗೆ ಪದಕ ಬೇಕಿತ್ತು. ಬೆಳಗ್ಗೆ ಐದಕ್ಕೆ ಎದ್ದು ಓಡಿದ್ದು ಅದಕ್ಕೇ ಅಲ್ವಾ? ಅದು ಹೋದದ್ದಕ್ಕೆ ಅಳು ಬಂದರೆ ಅಳಲಿ. ಅತ್ತರೆ ಅವಳು ಮಾಡಿದ ಕೆಲಸದ ಬೆಲೆ ಕಡಿಮೆಯಾಗುವುದಿಲ್ಲ.

ಇನ್ನು ಕೋಚ್ ಬೈದದ್ದು. 2012ರ ಡಿಸೆಂಬರ್‌ನಲ್ಲಿ ಸ್ಪೇನ್‌ನ ಬುರ್ಲಾದಾ ಎಂಬ ಊರಿನಲ್ಲಿ ಒಂದು ಕ್ರಾಸ್‌ಕಂಟ್ರಿ ಓಟ ನಡೆಯಿತು. ಕೆನ್ಯಾದ ಏಬಲ್ ಮುತಾಯಿ ಮುಂದಿದ್ದರು. ಅದೇ ವರ್ಷ ಲಂಡನ್ ಒಲಿಂಪಿಕ್ಸ್‌ನ 3000 ಮೀಟರ್ ಸ್ಟೀಪಲ್‌ಚೇಸ್‌ನಲ್ಲಿ ಕಂಚು ಗೆದ್ದವರು. ಓಟ ಮುಗಿಯಿತು ಎಂದುಕೊಂಡು ಗೆರೆಗೆ ಸುಮಾರು ಹತ್ತು ಮೀಟರ್ ಮೊದಲೇ ನಿಧಾನ ಮಾಡಿಬಿಟ್ಟರು. ಹಿಂದಿನಿಂದ ಬಂದ ಸ್ಪೇನ್‌ನ ಇವಾನ್ ಫರ್ನಾಂಡೆಸ್ ಅನಾಯಾ, ಮುತಾಯಿಯನ್ನು ದಾಟಲಿಲ್ಲ. ಮುತಾಯಿಗೆ ಸ್ಪ್ಯಾನಿಷ್ ಬರುತ್ತಿರಲಿಲ್ಲ. ಅದಕ್ಕೇ ಕೈಸನ್ನೆ ಮಾಡಿ, ಗೆರೆಯ ತನಕ ಅವರನ್ನು ಮುಂದೆ ಬಿಟ್ಟುಕೊಂಡು ಹೋಗಿ, ತಾವು ಎರಡನೆಯವರಾದರು. ಅನಾಯಾ ಅವರ ಕೋಚ್ ಮಾರ್ಟಿನ್ ಫಿಜ್. 1995ರ ಮ್ಯಾರಥಾನ್ ವಿಶ್ವ ಚಾಂಪಿಯನ್. ಅವರಿಗೆ ಇದು ಪೂರ್ತಿ ಹಿಡಿಸಲಿಲ್ಲ. ಒಳ್ಳೆಯ ಕೆಲಸವೇ, ಆದರೆ ತಾನಾಗಿದ್ದರೆ ಹಾಗೆ ಮಾಡುತ್ತಿರಲಿಲ್ಲ ಎಂದು ಬಾಯಿಬಿಟ್ಟೇ ಹೇಳಿದರು.

ಇದನ್ನು ಯಾಕೆ ಹೇಳಿದೆ ಅಂದರೆ, ನಿಮ್ಮ ಮಗಳ ಕೋಚ್ ಕೆಟ್ಟವರು ಎಂದು ತೀರ್ಮಾನ ಮಾಡಬೇಡಿ. ಮುಂದಿನ ಹಂತಕ್ಕೆ ಯಾರು ಹೋಗುತ್ತಾರೆ ಎಂಬುದು ಅಂಥ ಓಟದಲ್ಲೇ ತೀರ್ಮಾನವಾಗುತ್ತದೆ. ವರ್ಷದ ಶ್ರಮ ಕಣ್ಣೆದುರೇ ಹೋದರೆ ಅವರಿಗೂ ಹೊಟ್ಟೆ ಉರಿಯುತ್ತದೆ. ಎಲ್ಲರ ಎದುರು ಬೈದದ್ದು ಮಾತ್ರ ತಪ್ಪು. ಮಗಳಿಲ್ಲದಾಗ ಅವರ ಹತ್ತಿರ ಹೋಗಿ ಕೂತು ಮಾತಾಡಿ.

ನನ್ನದೂ ಒಂದು ಮಾತಿದೆ. ಒಂಬತ್ತನೇ ಕ್ಲಾಸು, ತಾಲ್ಲೂಕು ಕ್ರೀಡಾಕೂಟ. ಮಣ್ಣಿನ ಮೈದಾನ, ಸುಣ್ಣದ ಗೆರೆ, ಬರಿಗಾಲು. ಕೊನೆಯ ತಿರುವಿನಲ್ಲಿ ನನ್ನ ಮುಂದಿದ್ದ ಹುಡುಗ ಜಾರಿ ಬಿದ್ದ. ನಾನು ದಾಟಿಕೊಂಡು ಓಡಿದೆ. ಮೂರನೇ ಸ್ಥಾನ ಬಂತು. ಓಡಿದ್ದನ್ನು ನಾನು ತಪ್ಪು ಅನ್ನುವುದಿಲ್ಲ. ಆ ನೂರು ಮೀಟರ್‌ನಲ್ಲಿ ಯೋಚಿಸಲು ಪುರುಸೊತ್ತು ಇರುವುದಿಲ್ಲ. ಆದರೆ ಆಮೇಲೆ ಅವನು ನಲ್ಲಿಯ ಹತ್ತಿರ ಒಬ್ಬನೇ ಮೊಣಕಾಲು ತೊಳೆದುಕೊಳ್ಳುತ್ತಿದ್ದ. ನಾನು ಸರ್ಟಿಫಿಕೇಟ್ ಹಿಡಿದುಕೊಂಡು ಸುಮ್ನೆ ಪಕ್ಕದಲ್ಲೇ ಹಾದುಹೋದೆ. ಆಗ ಪುರುಸೊತ್ತು ಇತ್ತು. ಇಷ್ಟು ವರ್ಷವಾದರೂ ಅದು ಮನಸ್ಸಿನಿಂದ ಹೋಗಿಲ್ಲ.

ಬಿದ್ದ ಕ್ಲಾರ್ಕ್ ಮುಂದೆ ಏನಾದರು ಎಂದು ನಿಮ್ಮ ಮಗಳು ಕೇಳಿಯೇ ಕೇಳುತ್ತಾಳೆ. ಅದೇ ವರ್ಷ ಮೆಲ್ಬರ್ನ್ ಒಲಿಂಪಿಕ್ಸ್‌ನ ಜ್ಯೋತಿ ಹೊತ್ತಿಸಿದ್ದು ಅವರೇ. 10,000 ಮೀಟರ್ ಅನ್ನು 28 ನಿಮಿಷದೊಳಗೆ ಓಡಿದ ಮೊದಲಿಗರೂ ಅವರೇ, 1965ರಲ್ಲಿ. ಅಷ್ಟೆಲ್ಲ ವಿಶ್ವದಾಖಲೆ ಮಾಡಿದರೂ ಒಲಿಂಪಿಕ್ಸ್ ಚಿನ್ನ ಮಾತ್ರ ಒಲಿಯಲಿಲ್ಲ. ಟೋಕಿಯೊದಲ್ಲಿ ಒಂದು ಕಂಚು, ಅಷ್ಟೇ. 1966ರಲ್ಲಿ ಅವರು ಪ್ರಾಗ್‌ಗೆ ಹೋಗಿದ್ದಾಗ ಎಮಿಲ್ ಜಾಟೊಪೆಕ್ ಜೊತೆಯಲ್ಲೇ ಇದ್ದು ನೋಡಿಕೊಂಡರು. 1952ರ ಒಂದೇ ಒಲಿಂಪಿಕ್ಸ್‌ನಲ್ಲಿ 5000, 10,000 ಮೀಟರ್ ಮತ್ತು ಮ್ಯಾರಥಾನ್ ಮೂರನ್ನೂ ಗೆದ್ದ ಜಾಟೊಪೆಕ್. ಹೊರಡುವಾಗ ಕ್ಲಾರ್ಕ್ ಕೈಗೆ ಒಂದು ಪುಟ್ಟ ಪೊಟ್ಟಣ ಇಟ್ಟರು. ಆಮೇಲೆ ಬಿಚ್ಚಿ ನೋಡಿದರೆ ಒಳಗಿದ್ದದ್ದು ಆ 10,000 ಮೀಟರ್ ಓಟದ ಚಿನ್ನದ ಪದಕ. ಸ್ನೇಹಕ್ಕಾಗಿ ಅಲ್ಲ, ನಿನಗೆ ಇದು ಸಲ್ಲಬೇಕು ಎಂಬುದು ಅದನ್ನು ಕೊಟ್ಟವರ ಮಾತಾಗಿತ್ತು.

ಕೊನೆಗೆ ಓಟದ ಬಗ್ಗೆಯೇ ಒಂದು ಮಾತು. ನಮ್ಮ ಕಡೆಯ ಕೂಟಗಳಲ್ಲಿ 800 ಮೀಟರ್‌ನಲ್ಲಿ ಬೀಳುವುದು ಜಾಸ್ತಿ ಮೊದಲ ತಿರುವಿನ ಹತ್ತಿರ, ಎಲ್ಲರೂ ಒಳಗಿನ ಗೆರೆಗೆ ನುಗ್ಗುವಾಗ. ಮುಂದಿನವಳ ಹಿಮ್ಮಡಿಯ ನೇರಕ್ಕೆ ಓಡದೆ, ಅರ್ಧ ಹೆಜ್ಜೆ ಹೊರಗಡೆ ಓಡಲು ಹೇಳಿ. ಒಂದೆರಡು ಮೀಟರ್ ಜಾಸ್ತಿ ಆಗುತ್ತದೆ, ಪರವಾಗಿಲ್ಲ. ನಾಳೆ ಬೆಳಗ್ಗೆ ನೀವೂ ಅವಳ ಜೊತೆ ಮೈದಾನಕ್ಕೆ ಹೋಗಿ, ಮೊದಲ ದಿನ ಸುಮ್ನೆ ನಾಲ್ಕು ಸುತ್ತು ನಿಧಾನವಾಗಿ ಓಡಲಿ.