ಟಿವಿ ಪಕ್ಕಕ್ಕೊಂದು ಪುಟ್ಟ ಕಂಪ್ಯೂಟರ್

ಪ್ರಶ್ನೆ: ಟಿವಿ ಪಕ್ಕ ಇಡಲು ಒಂದು ಚಿಕ್ಕ ಕಂಪ್ಯೂಟರ್ ನಾನೇ ಜೋಡಿಸಬೇಕು ಅಂತ ಆಸೆ. ಸಿನಿಮಾ 4ಕೆಯಲ್ಲಿ ಬರಬೇಕು, ಮಕ್ಕಳು ಸಣ್ಣಪುಟ್ಟ ಗೇಮ್ ಆಡಬೇಕು. ಖರ್ಚು ಕಡಿಮೆ, ಸದ್ದು ಇನ್ನೂ ಕಡಿಮೆ ಇರಬೇಕು. ಬೇರೆ ಗ್ರಾಫಿಕ್ಸ್ ಕಾರ್ಡ್ ಹಾಕಲೇಬೇಕಾ?

ಉತ್ತರ: ಬೇಡ. ಆದರೆ ಅದಕ್ಕೂ ಮೊದಲು ಒಂದು ಮಾತು. ಬರೀ ಸಿನಿಮಾ ನೋಡುವುದಾದರೆ ಕಂಪ್ಯೂಟರೇ ಬೇಡ. ಟಿವಿಗೆ ಸಿಕ್ಕಿಸುವ ಒಂದು ಸ್ಟಿಕ್ ಸಾಕು. ತಮಾಷೆ ಅಲ್ಲ, ಈ ವಿಷಯದಲ್ಲಿ ಆ ಬೆರಳುದ್ದದ ಸ್ಟಿಕ್ಕೇ ಮೇಲು. ಸ್ಟ್ರೀಮಿಂಗ್ ಕಂಪನಿಗಳು ಕಂಪ್ಯೂಟರನ್ನು ಅಷ್ಟಾಗಿ ನಂಬುವುದಿಲ್ಲ, ಎಲ್ಲಿ ಕಾಪಿ ಮಾಡಿಬಿಡುತ್ತೀರೋ ಅಂತ. ನೆಟ್‌ಫ್ಲಿಕ್ಸ್ 4ಕೆ ಬೇಕೆಂದರೆ ವಿಂಡೋಸ್‌ನಲ್ಲಿ ಎಜ್ ಬ್ರೌಸರ್ ಅಥವಾ ನೆಟ್‌ಫ್ಲಿಕ್ಸ್ ಆ್ಯಪ್ ಬಳಸಬೇಕು, ಕಂಪ್ಯೂಟರಿನಿಂದ ಟಿವಿಯವರೆಗೆ ಎಲ್ಲ ಕಡೆ ಕಾಪಿ ತಡೆಯುವ ವ್ಯವಸ್ಥೆಯಾದ ಎಚ್‌ಡಿಸಿಪಿ 2.2 ಇರಬೇಕು. ಕ್ರೋಮ್‌ನಲ್ಲಿ ನೋಡಿದರೆ 1080ಪಿಗೇ, ಅಂದರೆ ಫುಲ್ ಎಚ್‌ಡಿಗೇ ನಿಲ್ಲುತ್ತದೆ. ಲಿನಕ್ಸ್ ಹಾಕಿದರೆ 4ಕೆ ಆಸೆ ಬಿಟ್ಟೇಬಿಡಿ. ಹಾಗಾಗಿ ನನ್ನ ಸಲಹೆ ಇಷ್ಟು: 4ಕೆ ಸಿನಿಮಾ ಟಿವಿಯ ಆ್ಯಪ್‌ನಲ್ಲೇ ನೋಡಿ. ಗೇಮ್, ಬ್ರೌಸರ್, ನಿಮ್ಮದೇ ವಿಡಿಯೊ ಫೈಲ್‌ಗಳು ಕಂಪ್ಯೂಟರಿಗಿರಲಿ. ಹೀಗೆ ಹಂಚಿಬಿಟ್ಟರೆ ಖರ್ಚೂ ತಾನಾಗಿ ಇಳಿಯುತ್ತದೆ.

ಈಗ ಡಬ್ಬದೊಳಗೆ ಏನಿರಬೇಕು ನೋಡೋಣ. ರೈಜೆನ್ 5 5600ಜಿ ಪ್ರೊಸೆಸರ್ 2021ರದ್ದು, ನಿಜ. ಆದರೂ ಕಡಿಮೆ ಖರ್ಚಿಗೆ ನನ್ನ ಆಯ್ಕೆ ಇವತ್ತಿಗೂ ಅದೇ. 6 ಕೋರ್, 65 ವ್ಯಾಟ್, ಗ್ರಾಫಿಕ್ಸ್ ಒಳಗೇ ಇದೆ. ರಾಕೆಟ್ ಲೀಗ್, ಮೈನ್‌ಕ್ರಾಫ್ಟ್‌ನಂಥ ಗೇಮ್‌ಗಳನ್ನು ಸೆಟ್ಟಿಂಗ್ ತುಸು ಇಳಿಸಿಕೊಂಡು 1080ಪಿಯಲ್ಲಿ ಆರಾಮಾಗಿ ಆಡಬಹುದು. ಒಂದು ಕೊರತೆ ಹೇಳಲೇಬೇಕು. ಎವಿ1 ಅನ್ನುವ ಹೊಸ ಬಗೆಯಲ್ಲಿ ಕುಗ್ಗಿಸಿದ ವಿಡಿಯೊ ಬಿಡಿಸುವ ಹಾರ್ಡ್‌ವೇರ್ ಇದರಲ್ಲಿಲ್ಲ. ಅಂಥ ವಿಡಿಯೊ ಬಂದಾಗ ಆ ಕೆಲಸ ಕೋರ್‌ಗಳ ತಲೆಗೆ ಬೀಳುತ್ತದೆ, ಫ್ಯಾನ್ ಸ್ವಲ್ಪ ಜೋರಾಗಿ ತಿರುಗುತ್ತದೆ. 2024ರ 8600ಜಿಯಲ್ಲಿ ಈ ತೊಂದರೆ ಇಲ್ಲ, ಗ್ರಾಫಿಕ್ಸೂ ಚೆನ್ನಾಗಿದೆ. ಆದರೆ ಅದಕ್ಕೆ ಹೊಸ ಬಗೆಯ ಎಎಂ5 ಮದರ್‌ಬೋರ್ಡ್, ಡಿಡಿಆರ್5 ರ್‍ಯಾಮ್ ಬೇಕು. ಕಡಿಮೆ ಖರ್ಚು ಅಂದವರು ನೀವೇ ಅಲ್ವಾ?

ಎಲ್ಲಕ್ಕಿಂತ ಜಾಸ್ತಿ ಗಮನ ಕೊಡಬೇಕಾದದ್ದು ರ್‍ಯಾಮ್‌ಗೆ. ಒಳಗೇ ಇರುವ ಗ್ರಾಫಿಕ್ಸ್‌ಗೆ ಸ್ವಂತ ಮೆಮೊರಿ ಇರುವುದಿಲ್ಲ, ಕಂಪ್ಯೂಟರಿನ ರ್‍ಯಾಮನ್ನೇ ಕಡ ತೆಗೆದುಕೊಳ್ಳುತ್ತದೆ. 3200 ವೇಗದ ಡಿಡಿಆರ್4 ರ್‍ಯಾಮ್ ಒಂದೇ ಇದ್ದರೆ ಸೆಕೆಂಡಿಗೆ ಹೆಚ್ಚೆಂದರೆ 25.6 ಜಿಬಿ ಸಾಗುತ್ತದೆ. ಎರಡಿದ್ದರೆ 51.2. ಒಟ್ಟು ರ್‍ಯಾಮ್ ಎರಡರಲ್ಲೂ 16 ಜಿಬಿಯೇ ಇರಬಹುದು, ಗೇಮ್‌ನಲ್ಲಿ ಮಾತ್ರ ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತದೆ. ಆದ್ದರಿಂದ 16ರದ್ದು ಒಂದು ಬೇಡ, 8ರದ್ದು ಎರಡು ಹಾಕಿ. "ಈಗ ಒಂದು, ಮುಂದೆ ಇನ್ನೊಂದು" ಅನ್ನುವವರು ತುಂಬಾ ಜನ ಸಿಗುತ್ತಾರೆ. ಆ ಇನ್ನೊಂದು ಬರುವುದೇ ಇಲ್ಲ. ಹಾಕಿದ ಮೇಲೆ ಬೋರ್ಡಿನ ಮೂಲ ಸೆಟ್ಟಿಂಗ್ ಆದ ಬಯಾಸ್‌ಗೆ ಹೋಗಿ ರ್‍ಯಾಮನ್ನು ಪೂರ್ತಿ ವೇಗದಲ್ಲಿ ಓಡಿಸುವ ಎಕ್ಸ್ಎಂಪಿ ಆನ್ ಮಾಡಿ. ಇಲ್ಲದಿದ್ದರೆ ರ್‍ಯಾಮ್ ಕಡಿಮೆ ವೇಗದಲ್ಲೇ ಓಡುತ್ತಿರುತ್ತದೆ, ಯಾರಿಗೂ ಗೊತ್ತಾಗುವುದಿಲ್ಲ.

ಬೋರ್ಡ್ ಮಿನಿ ಐಟಿಎಕ್ಸ್ ಆದರೆ 17 ಸೆಂಟಿಮೀಟರ್ ಚೌಕ, ಮುದ್ದಾಗಿರುತ್ತದೆ. ಆದರೆ ಚಿಕ್ಕದಾದಷ್ಟೂ ಬೆಲೆ ಏರುತ್ತದೆ. ಟಿವಿ ಮೇಜಿನಲ್ಲಿ ಜಾಗ ಇದ್ದರೆ ಸ್ವಲ್ಪ ದೊಡ್ಡದಾದ ಮೈಕ್ರೊ ಎಟಿಎಕ್ಸ್ ತೆಗೆದುಕೊಂಡು ಉಳಿದ ಹಣವನ್ನು ಎಸ್‌ಎಸ್‌ಡಿಗೆ ಹಾಕಿ. ಬೋರ್ಡಿನ ಎಚ್‌ಡಿಎಂಐ 2.0 ಅಥವಾ ಅದಕ್ಕಿಂತ ಹೊಸದಿರಬೇಕು. 1.4 ಇದ್ದರೆ 4ಕೆಯಲ್ಲಿ 30 ಹರ್ಟ್ಸ್ (ಸೆಕೆಂಡಿಗೆ 30 ಚಿತ್ರ) ಮಾತ್ರ, ಮೌಸ್ ಬಾಣ ತೆವಳುತ್ತದೆ. ಬಿ450 ಬೋರ್ಡ್ ಹಳೇ ಸ್ಟಾಕ್ ಆಗಿದ್ದರೆ ಬಯಾಸ್ ಅಪ್‌ಡೇಟ್ ಆಗುವವರೆಗೆ 5600ಜಿ ಏಳುವುದೇ ಇಲ್ಲ. ಕೊಳ್ಳುವಾಗಲೇ ವಿಚಾರಿಸಿ.

"ಆಮೇಲೆ ಬೇಕಾದರೆ ಆರ್‌ಎಕ್ಸ್ 6400 ಗ್ರಾಫಿಕ್ಸ್ ಕಾರ್ಡ್ ಸೇರಿಸಿದರಾಯ್ತು" ಅಂತ ಯಾರಾದರೂ ಹೇಳಬಹುದು. ಕಾರ್ಡ್ ಪುಟ್ಟದು, 53 ವ್ಯಾಟ್, ಬೇರೆ ವೈರೂ ಬೇಡ. ಆದರೆ ಅದು ಬೋರ್ಡಿನ ಜೊತೆ ಮಾತಾಡಲು ಬಳಸುವುದು ನಾಲ್ಕನೇ ತಲೆಮಾರಿನ ನಾಲ್ಕೇ ಪಿಸಿಐಇ ದಾರಿ. 5600ಜಿ ಕೊಡುವುದು ಮೂರನೇ ತಲೆಮಾರಿನ ಪಿಸಿಐಇ. ಹೀಗಾಗಿ ಆ ನಾಲ್ಕು ದಾರಿಯಲ್ಲೂ ವೇಗ ಅರ್ಧ. ಅದಕ್ಕೂ ಎವಿ1 ಬರುವುದಿಲ್ಲ ಅನ್ನೋದು ಬೇರೆ.

ಸದ್ದಿನ ವಿಷಯ: ಬಯಾಸ್‌ನಲ್ಲಿ ಫ್ಯಾನ್ ವೇಗ ಇಳಿಸಿ, ಡಬ್ಬವನ್ನು ಮುಚ್ಚಿದ ಕಪಾಟಿನಲ್ಲಿ ತುರುಕಬೇಡಿ. ನಮ್ಮ ಟಿವಿ ಪಕ್ಕದಲ್ಲೂ 5600ಜಿಯೇ ಇದೆ. ಅದು ಆನ್ ಆಗಿದೆಯೋ ಇಲ್ಲವೋ ಅಂತ ನನ್ನ ಹೆಂಡತಿ ಲೈಟ್ ನೋಡಿಯೇ ಹೇಳಬೇಕು. ಇದಕ್ಕಿಂತ ಸರ್ಟಿಫಿಕೇಟ್ ಬೇಕಾ?

ಪ್ರಶ್ನೆ: ಆಫೀಸಿನಲ್ಲಿ ಬಳಸಿ ಬಿಟ್ಟ ಒಂದು ಲೀಟರ್ ಗಾತ್ರದ ಮಿನಿ ಪಿಸಿ ಸಿಗುತ್ತಿದೆ. ಇಂಟೆಲ್ 7ನೇ ತಲೆಮಾರು. ತಗೊಳ್ಳಲಾ?

ಉತ್ತರ: ಇನ್ನೊಂದು ಮೆಟ್ಟಿಲು ಹತ್ತಿ, 8ನೆಯದು ಹುಡುಕಿ. ವಿಂಡೋಸ್ 10ರ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಒಪ್ಪುವ ಪ್ರೊಸೆಸರ್‌ಗಳ ಪಟ್ಟಿಯಲ್ಲಿ 7ನೇ ತಲೆಮಾರಿನವು ಬೆರಳೆಣಿಕೆಯಷ್ಟು ಮಾತ್ರ. ಸಿನಿಮಾಗೆ 8ನೆಯದು ಚೆನ್ನಾಗಿದೆ. ಗೇಮ್ ಅಂದರೆ ತೀರಾ ಹಗುರವಾದವು ಅಷ್ಟೆ. ಹಿಂದೆ ಬರೀ ಡಿಸ್‌ಪ್ಲೇಪೋರ್ಟ್ ಇದೆಯಾ ನೋಡಿಕೊಳ್ಳಿ. ಹಾಗಿದ್ದರೆ 4ಕೆ 60 ಹರ್ಟ್ಸ್‌ಗೆ ಎಚ್‌ಡಿಎಂಐಗೆ ಬದಲಿಸುವ ಆ್ಯಕ್ಟಿವ್ ಅಡಾಪ್ಟರ್ (ಸಿಗ್ನಲ್ ಪರಿವರ್ತಿಸುವ ಚಿಪ್ ಇರುವಂಥದ್ದು) ಬೇಕು.

ಪ್ರಶ್ನೆ: ಟಿವಿಯಲ್ಲಿ ಅಂಚು ಕತ್ತರಿಸಿ ಹೋಗುತ್ತದೆ, ಅಕ್ಷರ ಮಬ್ಬು. ಕಂಪ್ಯೂಟರ್ ಕೆಟ್ಟಿದೆಯಾ?

ಉತ್ತರ: ಕಂಪ್ಯೂಟರ್ ಸರಿಯಾಗೇ ಇದೆ. ಟಿವಿ ಚಿತ್ರವನ್ನು ಸುಮ್ನೆ ಹಿಗ್ಗಿಸುತ್ತಿದೆ. ಟಿವಿ ಸೆಟ್ಟಿಂಗ್‌ನಲ್ಲಿ ಓವರ್‌ಸ್ಕ್ಯಾನ್ ಆಫ್ ಮಾಡಿ. ಆ ಎಚ್‌ಡಿಎಂಐ ಇನ್‌ಪುಟ್ಟಿಗೆ "ಪಿಸಿ" ಅಂತ ಹೆಸರು ಕೊಡಿ. ಎಷ್ಟೋ ಟಿವಿಗಳು ಆ ಹೆಸರು ಕಂಡರೆ ಮಾತ್ರ ಬಣ್ಣದ ವಿವರ ಪೂರ್ತಿ ತೋರಿಸುತ್ತವೆ. ಆಡುವಾಗ ಗೇಮ್ ಮೋಡ್ ಹಾಕಿ, ಬಟನ್ ಒತ್ತಿದ ಮೇಲೆ ಆಗುವ ತಡ ಕಡಿಮೆಯಾಗುತ್ತದೆ.

ಪ್ರಶ್ನೆ: ಸೋಫಾದಲ್ಲಿ ಕೂತರೆ ವೈರ್‌ಲೆಸ್ ಕೀಬೋರ್ಡ್ ಅಕ್ಷರ ನುಂಗುತ್ತದೆ.

ಉತ್ತರ: ಕೀಬೋರ್ಡಿನ ಡಾಂಗಲ್ (ಸಿಗ್ನಲ್ ಹಿಡಿಯುವ ಪುಟ್ಟ ತುಂಡು) ಯುಎಸ್‌ಬಿ 3.0 ಪೋರ್ಟಿನಲ್ಲಿದೆಯಾ? ಆ ಪೋರ್ಟ್ ಕೆಲಸ ಮಾಡುವಾಗ 2.4 ಗಿಗಾಹರ್ಟ್ಸ್ ಸುತ್ತ ಗದ್ದಲ ಎಬ್ಬಿಸುತ್ತದೆ. ಕೀಬೋರ್ಡ್ ಮಾತಾಡುವುದೂ ಅಲ್ಲೇ. ಡಾಂಗಲ್ಲನ್ನು ಯುಎಸ್‌ಬಿ 2.0ಗೆ ಬದಲಾಯಿಸಿ, ಒಂದು ಎಕ್ಸ್‌ಟೆನ್ಷನ್ ವೈರ್ ಹಾಕಿ ಟಿವಿಯ ಮುಂಭಾಗಕ್ಕೆ ತನ್ನಿ.